ಮೈನಸ್ ಐದರ ಮಹಾಮೀಮಾಂಸೆ

ಯಂತ್ರಾಂಶವು ನುಡಿದದ್ದನ್ನು ತಂತ್ರಾಂಶವು ನುಂಗುವ ವಿಧಾನಗಳ ತಾತ್ತ್ವಿಕ ವಿವೇಚನೆಯೇ ಪ್ರಸ್ತುತ ಪ್ರಬಂಧದ ಪರಮೋದ್ದೇಶ. ಡ್ರೈವರ್ ಬರೆಯುವವರಲ್ಲಿ ಮೂರು ಪಂಥಗಳು ಗೋಚರಿಸುತ್ತವೆ: ಸಾಧನ ಏನೇ ಹೇಳಲಿ ಮೈನಸ್ ಐದು ಎನ್ನುವ ಏಕಸಂಖ್ಯಾವಾದಿಗಳು, ಸೊನ್ನೆ ಹಿಂತಿರುಗಿಸಿ ನೆಮ್ಮದಿಯಾಗಿರುವ ಶೂನ್ಯವಾದಿಗಳು, ಸ್ಟೇಟಸ್ಸನ್ನು ಸರಿಯಾಗಿ ಓದಲೇ ಹೋಗದ ಅಜ್ಞೇಯವಾದಿಗಳು. ಪ್ರಬಲರು ಮೊದಲಿನವರೇ. ಲಿನಕ್ಸ್‌ನಲ್ಲಿ ‘ಇಐಒ’ ಎಂಬ ಇನ್‌ಪುಟ್-ಔಟ್‌ಪುಟ್ ದೋಷದ ಸಂಖ್ಯೆ 5. ಕರ್ನಲ್‌ನೊಳಗೆ ಅದು ಋಣಚಿಹ್ನೆ ಧರಿಸಿ ಸಂಚರಿಸುತ್ತದೆ. ಸ್ಕಸಿ ಡಿಸ್ಕು ‘ಇನ್ನೂ ಸಿದ್ಧವಾಗಿಲ್ಲ’ ಎನ್ನಲು ಸೆನ್ಸ್ ಕೀ 2, ‘ಮಾಧ್ಯಮವೇ ಹಾಳಾಗಿದೆ’ ಎನ್ನಲು 3, ‘ನನ್ನ ಹಾರ್ಡ್‌ವೇರೇ ಕೆಟ್ಟಿದೆ’ ಎನ್ನಲು 4 ಎಂದು ಬಿಡಿಸಿ ನಿವೇದಿಸಿಕೊಂಡರೂ ಏಕಸಂಖ್ಯಾವಾದಿಯ ಬಳಿ ಮೂರಕ್ಕೂ ಒಂದೇ ಕಷಾಯ.

ಇಲ್ಲಿ ಪೂರ್ವಪಕ್ಷ: ನೂರಾರು ಸಂಕೇತಗಳನ್ನು ಮೇಲಕ್ಕೆ ಕಳಿಸಿದರೆ ಅಪ್ಲಿಕೇಶನ್ ಮಾಡುವುದಾದರೂ ಏನು? ಎಲ್ಲವನ್ನೂ ಕಳಿಸಿ ಎಂದು ಯಾರೂ ಕೇಳಿಲ್ಲ. ಮತ್ತೆ ಪ್ರಯತ್ನಿಸಬೇಕೇ, ಕಾಯಬೇಕೇ, ಕೈಬಿಡಬೇಕೇ ಎಂಬುದು ತಿಳಿದರೆ ಸಾಕು. ಎನ್‌ವಿಎಂಇ ಸಾಧನವಂತೂ ‘ಮತ್ತೆ ಕೇಳಬೇಡ’ ಎನ್ನಲು ಸ್ಟೇಟಸ್‌ನಲ್ಲಿ ಒಂದು ಬಿಟ್ಟನ್ನೇ ಮೀಸಲಿಟ್ಟಿದೆ. ಅದನ್ನು ಕತ್ತರಿಸಿ ಎಸೆದು ಅದೇ ಬ್ಲಾಕನ್ನು ಹತ್ತಾರು ಸಲ ಕೇಳಿಸುವುದು ಯಾವ ಸೀಮೆಯ ಸರಳತೆ? ಸಾಧನದ ಸಂಕೇತವನ್ನು ಕರ್ನಲ್‌ನ ಸಂಕೇತಕ್ಕೆ ತಿರುಗಿಸುವ ಕೆಲಸ ಒಂದೇ ಫಂಕ್ಷನ್‌ನಲ್ಲಿ ನಡೆಯಲಿ, ಮೂಲ ಸಂಖ್ಯೆ ಇದ್ದ ಹಾಗೇ ಲಾಗಿಗೆ ಬೀಳಲಿ. ಹಾಗಾದರೆ ಲಾಗ್ ಒಂದೇ ಸಾಲದೇ ಎಂದರೆ, ಸಾಲದು. ಲಾಗನ್ನು ಓದುವವನು ಮನುಷ್ಯ, ಅದೂ ಡೇಟಾ ಹೋದ ಮೇಲೆ.

ಅಜ್ಞೇಯವಾದಿಗಳ ಏಳು ಉಪಭೇದಗಳನ್ನು ಈಗ ನಿರೂಪಿಸಬೇಕಿತ್ತು. ಬೇಡ, ಬಿಡಿ, ಒಂದು ಉದಾಹರಣೆ ಸಾಕು. ಪಿಸಿಐ ಎಕ್ಸ್‌ಪ್ರೆಸ್ ಕಾರ್ಡನ್ನು ಕಿತ್ತ ಮೇಲೆ ಅದರ ರಿಜಿಸ್ಟರ್ ಓದಿದರೆ ಸಾಮಾನ್ಯವಾಗಿ 32 ಬಿಟ್‌ಗಳೂ 1 ಆಗಿ ಬರುತ್ತವೆ. ‘ದೋಷ’ದ ಬಿಟ್ಟೂ 1, ‘ಸಿದ್ಧ’ದ ಬಿಟ್ಟೂ 1. ‘ಸಿದ್ಧ’ವೊಂದನ್ನೇ ನೋಡುವ ಡ್ರೈವರಿನ ಪಾಲಿಗೆ ಇಲ್ಲದ ಕಾರ್ಡಿನಷ್ಟು ಸನ್ನದ್ಧವಾದದ್ದು ಇನ್ನೊಂದಿಲ್ಲ. ನಗು ಬರುತ್ತದೆ, ಸರಿ. ಆದರೆ 2008ರಲ್ಲಿ ಲಿನಕ್ಸ್‌ನ ಫೈಲ್ ಸಿಸ್ಟಮ್ ಮತ್ತು ಸ್ಟೋರೇಜ್ ಡ್ರೈವರ್‌ಗಳನ್ನು ಜಾಲಾಡಿದ ಸಂಶೋಧಕರಿಗೆ, ಬಂದ ದೋಷಸಂಕೇತವನ್ನು ಹಾಗೇ ಕೈಬಿಡುವ 1,153 ಕಡೆಗಳು ಸಿಕ್ಕವು, ಅಂದರೆ ಪರಿಶೀಲಿಸಿದ ಫಂಕ್ಷನ್ ಕರೆಗಳಲ್ಲಿ ಶೇ 13. ಬರೆದವರು ದಡ್ಡರಲ್ಲ. ಹಿಂತಿರುಗಿದ ಬೆಲೆಯನ್ನು ನೋಡುವ ಒಂದು ಸಾಲು ಅವರಿಗೆ ಬೇಸರ ತಂದಿತ್ತು, ಅಷ್ಟೇ! 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಬಳಗ ಇದರ ಕಹಿ ಉಂಡಿತು. ಬರಹ ಡಿಸ್ಕಿಗೆ ಇಳಿಯದಿದ್ದಾಗ, ಅದನ್ನು ಇಳಿಸು ಎಂದು ಕೇಳುವ ಮೊದಲ ಎಫ್‌ಸಿಂಕ್ ಕರೆ ದೋಷ ಹೇಳುತ್ತಿತ್ತು, ಆದರೆ ಕರ್ನಲ್ ಅಷ್ಟರಲ್ಲಿ ಆ ಬರಹವಿದ್ದ ಮೆಮೊರಿ ಪುಟವನ್ನು ‘ಶುದ್ಧ’ ಎಂದು ಗುರುತು ಹಾಕಿರುತ್ತಿತ್ತು. ಎರಡನೆಯ ಎಫ್‌ಸಿಂಕ್‌ಗೆ ಬರುತ್ತಿದ್ದುದು ಸೊನ್ನೆ, ಅಂದರೆ ಎಲ್ಲವೂ ಕ್ಷೇಮ. ಡಿಸ್ಕು ಸುಳ್ಳು ಹೇಳಿರಲಿಲ್ಲ.