ಎರಡು ಕಿಲೋಮೀಟರ್ ಬೆಳಕು

ದಾವಣಗೆರೆಯಲ್ಲಿ ಬ್ಯಾಟರಿ ಮಾರುವುದು ಹಗಲು ಹೊತ್ತಿನಲ್ಲಿ. ಮಂಡಿಪೇಟೆಯ ಬಿಸಿಲಿಗೆ ಕಣ್ಣು ಬಿಡಲಾಗದಂಥ ಮಧ್ಯಾಹ್ನ ಅಂಗಡಿಯವನು ರಟ್ಟಿನ ಡಬ್ಬಿಯಿಂದ ಎಲ್‌ಇಡಿ ಬ್ಯಾಟರಿ ತೆಗೆದು ಮೊದಲು ತನ್ನ ಅಂಗೈಗೆ ಬೆಳಕು ಬಿಡುತ್ತಾನೆ. ಅಂಗೈ ಬೆಳ್ಳಗಾಗುತ್ತದೆ. ಆಮೇಲೆ ಗಿರಾಕಿಯ ಅಂಗೈಗೆ ಬಿಡುತ್ತಾನೆ. ಅದೂ ಬೆಳ್ಳಗಾಗುತ್ತದೆ. ಪರೀಕ್ಷೆ ಮುಗಿಯಿತು. “ಎರಡು ಕಿಲೋಮೀಟ್ರು ಹೋಗ್ತೈತ್ರಿ ಸಾರ್” ಎನ್ನುವಾಗ ಅವನ ದನಿಯಲ್ಲಿ ಎಳ್ಳಷ್ಟೂ ಅಳುಕಿಲ್ಲ. ಡಬ್ಬಿಯ ಮೇಲೂ ಹಾಗೇ ಅಚ್ಚಾಗಿದೆ, ಪಕ್ಕದಲ್ಲಿ ಸಾಕ್ಷಿಗೆಂದು ಒಂದು ಹುಲಿ. ಬೆಲೆ ಮುನ್ನೂರು ರೂಪಾಯಿ. ಇಲ್ಲಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್. ಅಂದರೆ ಏಳು ಬ್ಯಾಟರಿಗೆ ಎರಡು ಸಾವಿರದ ನೂರು ರೂಪಾಯಿ ಸುರಿದರೆ ದಾವಣಗೆರೆಯಲ್ಲಿ ಕೂತೇ ಹರಿಹರೇಶ್ವರನ ದರ್ಶನ ಮಾಡಬಹುದು. ಬಸ್ಸಿನವರು ಇದನ್ನು ಯಾಕೆ ಇನ್ನೂ ವಿರೋಧಿಸಿಲ್ಲವೋ.

ಹೋಗುತ್ತದೆ ಅನ್ನುವುದೇನೂ ಸುಳ್ಳಲ್ಲ. ಹೋಗುವುದೇ ಬೆಳಕಿನ ಕಸುಬು. ಅಡ್ಡ ಏನೂ ಬರದಿದ್ದರೆ ಒಂದೂಕಾಲು ಸೆಕೆಂಡಿನಲ್ಲಿ ಚಂದ್ರನವರೆಗೂ ಹೋಗುತ್ತದೆ. ತಾಪತ್ರಯವಿರುವುದು ವಾಪಸ್ಸು ಬರುವುದರಲ್ಲಿ. ಬೆಳಕು ಹೋಗಿ ಬೇವಿನ ಮರಕ್ಕೆ ತಾಗಿ, ಅಲ್ಲಿಂದ ನಮ್ಮ ಕಣ್ಣಿಗೆ ಮರಳಿದರೆ ತಾನೇ ಅದು ಬೇವಿನ ಮರ? ಸಾಲ ಕೊಟ್ಟವರಿಗೆಲ್ಲ ಗೊತ್ತಿರುವ ಈ ವಿಷಯ ಬ್ಯಾಟರಿ ಕೊಳ್ಳುವವರಿಗೆ ಮಾತ್ರ ಹೊಳೆಯುವುದಿಲ್ಲ.

ಇದನ್ನು ನನ್ನ ತಲೆಗೆ ತುಂಬಿದವರು ವಿದ್ಯಾನಗರದ ಒಬ್ಬ ನಿವೃತ್ತ ಫಿಸಿಕ್ಸ್ ಮೇಷ್ಟ್ರು. ಪಾಠ ಮಾಡುವ ಚಟ ನಿವೃತ್ತಿಯಾಗಿಲ್ಲ, ವಿದ್ಯಾರ್ಥಿಗಳು ಮಾತ್ರ ನಿವೃತ್ತರಾಗಿದ್ದಾರೆ. ಹಾಗಾಗಿ ಕುಂದವಾಡ ಕೆರೆಯ ಏರಿಯ ಮೇಲೆ ವಾಕಿಂಗ್ ಬರುವ ನಮ್ಮಂಥವರು ಸಿಕ್ಕಿಬೀಳುತ್ತೇವೆ. ಅಮೆರಿಕದವರು 2009ರಲ್ಲಿ ಕೈಬ್ಯಾಟರಿಗೆಂದೇ ಎಫ್‌ಎಲ್ 1 ಎಂಬ ಮಾನದಂಡ ಮಾಡಿದ್ದಾರಂತೆ. ಬ್ಯಾಟರಿಯ ಬೆಳಕು ದೂರ ಹೋಗುತ್ತ ಹೋಗುತ್ತ ಕಾಲು ಲಕ್ಸ್‌ಗೆ, ಅಂದರೆ 0.25ಕ್ಕೆ, ಇಳಿಯುವ ಜಾಗವೇ ಅದರ ‘ದೂರ’. ಕಾಲು ಲಕ್ಸ್ ಎಂದರೆ ಮೋಡವಿಲ್ಲದ ಹುಣ್ಣಿಮೆಯ ರಾತ್ರಿ ಬಯಲಿನಲ್ಲಿ ಬೀಳುವಷ್ಟು ಬೆಳಕು ಅಂತ ಲೆಕ್ಕ.

“ಅಂದ್ರೆ ಹುಣ್ಣಿಮೆ ದಿನ ಬ್ಯಾಟರೀನೇ ಬ್ಯಾಡ ಅಂದಂಗಾಯ್ತಲ್ರೀ” ಎಂದೆ.

“ತಿಂಗಳಿಗೊಂದು ದಿನ ಸೆಲ್ಲು ಉಳೀತು” ಎಂದರು ಮೇಷ್ಟ್ರು ನಗದೆ.

ಲೆಕ್ಕ ಸುಲಭ. ಹತ್ತು ಮೀಟರ್ ದೂರದಲ್ಲಿ ಲಕ್ಸ್ ಮೀಟರ್ ಹಿಡಿದು, ಬಂದ ಅಂಕಿಯನ್ನು ನೂರರಿಂದ ಗುಣಿಸಿದರೆ ಕ್ಯಾಂಡೆಲಾ. ಅದರ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ. ಹತ್ತು ಮೀಟರಿನಲ್ಲಿ 36 ಲಕ್ಸ್ ಬಂದರೆ 3600 ಕ್ಯಾಂಡೆಲಾ, ವರ್ಗಮೂಲ 60, ದೂರ 120 ಮೀಟರ್. ನಮ್ಮ ಮುನ್ನೂರು ರೂಪಾಯಿಯ ಹುಲಿ ಹೆಚ್ಚೂಕಮ್ಮಿ ಈ ಜಾತಿಯದು. ಅದು ನಿಜಕ್ಕೂ ಎರಡು ಕಿಲೋಮೀಟರ್ ಹೋಗಬೇಕಾದರೆ ಹತ್ತು ಲಕ್ಷ ಕ್ಯಾಂಡೆಲಾ ಬೇಕು. ಈ ವರ್ಗಮೂಲ ಅನ್ನುವುದು ಬಡವರ ಪಾಲಿನ ಶನಿ. ದೂರ ಎರಡರಷ್ಟಾಗಬೇಕೆಂದರೆ ಬೆಳಕು ನಾಲ್ಕರಷ್ಟಾಗಬೇಕು. ಮುನ್ನೂರಿಗೆ 120 ಮೀಟರ್ ಸಿಕ್ಕಿತು, ಆರುನೂರು ಕೊಟ್ಟರೆ 240 ಬಂದೀತು ಎಂದು ಅಂಗಡಿಗೆ ಹೋದವರು ಫಿಸಿಕ್ಸಿನಲ್ಲಿ ಫೇಲಾಗಿ ಬರುತ್ತಾರೆ.

ಇನ್ನು ಡಬ್ಬಿಯ ಮೇಲೆ ಲ್ಯುಮೆನ್ ಎಂದೂ ಬರೆದಿರುತ್ತದೆ, ಅದರ ಎದುರಿಗೆ ಸಾವಿರಗಟ್ಟಲೆ ಅಂಕಿ. ಲ್ಯುಮೆನ್‌ಗೂ ಕ್ಯಾಂಡೆಲಾಗೂ ಏನು ವ್ಯತ್ಯಾಸವೆಂದು ದಾವಣಗೆರೆಯವರಿಗೆ ದೋಸೆಯಲ್ಲೇ ಹೇಳಬೇಕು. ಹೆಂಚಿನ ಮುಂದೆ ನಿಂತವನು ಒಟ್ಟು ಎಷ್ಟು ಬೆಣ್ಣೆ ಹಾಕಿದ ಎನ್ನುವುದು ಲ್ಯುಮೆನ್, ನಿಮ್ಮ ತುತ್ತಿಗೆ ಎಷ್ಟು ಬಂತು ಎನ್ನುವುದು ಕ್ಯಾಂಡೆಲಾ. ಅದೇ ಬೆಣ್ಣೆಯನ್ನು ದೋಸೆ ತುಂಬ ಸವರಬಹುದು, ನಟ್ಟನಡುವೆ ಮುದ್ದೆಯಾಗಿಯೂ ಇಡಬಹುದು. ಈಗ ಬರುವ ಜೂಮ್ ಬ್ಯಾಟರಿಯ ತಲೆಯನ್ನು ಮುಂದಕ್ಕೆ ಎಳೆದರೆ ಬೆಳಕು ನಡುವೆ ಮುದ್ದೆಗಟ್ಟುತ್ತದೆ. ಎದುರು ಗೋಡೆಯ ಮೇಲೆ ಒಂದು ಚೌಕ ಮೂಡುತ್ತದೆ. ಅದು ಒಳಗಿರುವ ಎಲ್‌ಇಡಿ ಚಿಪ್ಪಿನದೇ ಚಿತ್ರ. ಆದರೆ ಹಾಗೆ ಎಳೆದಾಗ ಲೆನ್ಸು ಚಿಪ್ಪಿನಿಂದ ದೂರವಾಗಿ, ಸಾಕಷ್ಟು ಬೆಳಕು ಕೊಳವೆಯ ಒಳಗೋಡೆಗೇ ಬಡಿದು ಹಾಳಾಗುತ್ತದೆ. ಬೆಣ್ಣೆ ಹೆಂಚಿನ ಪಾಲು. ಅಂಗಡಿಯವನು ಎಳೆದೇ ತೋರಿಸುತ್ತಾನೆ, ಸವರಿ ತೋರಿಸುವುದಿಲ್ಲ.

ಹರಿಹರದವರಿಗೆ ಈ ಜಗಳ ಹೊಸದೇನಲ್ಲ. ಅಲ್ಲಿ 1224ರಲ್ಲಿ ಹೊಯ್ಸಳರ ಪೋಲಾಳ್ವ ದಂಡನಾಯಕ ಕಟ್ಟಿಸಿದ ಗುಡಿಯಲ್ಲಿ ಬಲಭಾಗ ಹರ, ಎಡಭಾಗ ಹರಿ, ಮೂರ್ತಿ ಒಂದೇ. ಜೂಮ್ ಬ್ಯಾಟರಿಗೆ ಅಷ್ಟು ಯೋಗ್ಯತೆ ಇಲ್ಲ. ಎಳೆದರೆ ದೂರ, ದೂಡಿದರೆ ಅಗಲ, ಎರಡೂ ಒಟ್ಟಿಗೆ ದರ್ಶನ ಕೊಡುವುದಿಲ್ಲ.

ನಮ್ಮ ಅಪ್ಪನ ಕಾಲದ ಮೂರು ಸೆಲ್ಲಿನ ಹಿತ್ತಾಳೆ ಬ್ಯಾಟರಿಯಲ್ಲಿ ಈ ಬಡಾಯಿ ಇರಲಿಲ್ಲ. ಹಳದಿ ಬೆಳಕು, ನಡುವೆ ಒಂದು ಕಪ್ಪು ಚುಕ್ಕೆ, ಸುತ್ತ ಉಂಗುರ. ಹಿಂದಿನ ಮುಚ್ಚಳದೊಳಗೆ ಸ್ಪ್ರಿಂಗಿನ ಮಧ್ಯೆ ಒಂದು ಬಲ್ಬು ಹೆಚ್ಚಿಗೆ ಇಟ್ಟಿರುತ್ತಿದ್ದರು, ನಡುರಾತ್ರಿ ಬಲ್ಬು ಹೋದರೆ ಅದನ್ನು ಕತ್ತಲಲ್ಲಿ ತಡಕಿ ಹಾಕಿಕೊಳ್ಳಬೇಕು. ಸೆಲ್ಲು ಸೋತರೆ ಬಿಸಿಲಿಗೆ ಒಣಗಿಸಿ ಇನ್ನೆರಡು ದಿನ ದುಡಿಸುತ್ತಿದ್ದರು. ಹಪ್ಪಳ ಸಂಡಿಗೆ ಕಾಯುವುದಕ್ಕೆ ಮಾಳಿಗೆ ಹತ್ತಿದ ಮಕ್ಕಳಿಗೆ ಸೆಲ್ಲು ಕಾಯುವ ಕೆಲಸವೂ ಸೇರಿರುತ್ತಿತ್ತು. ಆ ಬ್ಯಾಟರಿಗೆ ಇನ್ನೊಂದು ಗುಣವಿತ್ತು, ಗಟ್ಟಿತನ. ನಾಯಿ ಬಂದರೆ ಬೆಳಕು ಬಿಡಬೇಕಾಗಿರಲಿಲ್ಲ, ಬ್ಯಾಟರಿಯನ್ನೇ ಬೀಸಿದರೆ ಸಾಕು. ಈಗಿನದನ್ನು ನಾಯಿಯ ಮೇಲೆ ಬೀಸಿದರೆ ಖರ್ಚು ನಮ್ಮದೇ.

ಈಗಿನವುಗಳ ಹೊಟ್ಟೆಯೊಳಗೆ 18650 ಎಂಬ ಲಿಥಿಯಂ ಸೆಲ್ಲು. 18 ಮಿಲಿಮೀಟರ್ ದಪ್ಪ, 65 ಉದ್ದ, ಹೆಸರೇ ಅಳತೆ. ಒಳ್ಳೆಯ ಕಂಪನಿಯ ಸೆಲ್ಲು 3500 ಮಿಲಿ ಆಂಪಿಯರ್ ಅವರ್ ಹತ್ತಿರ ಬಂದರೆ ದೊಡ್ಡದು. ಅಗ್ಗದ ಸೆಲ್ಲಿನ ಮೈಮೇಲೆ ಮಾತ್ರ 9900 ಎಂದು ಬರೆದಿರುತ್ತದೆ. ಸುಳ್ಳೇ ಹೇಳುವುದಾದರೆ ಹತ್ತು ಸಾವಿರ ಎನ್ನಬಹುದಿತ್ತಲ್ಲ, ನೂರು ಕಡಿಮೆ ಮಾಡಿದ ಆ ಸಂಕೋಚವನ್ನು ಮೆಚ್ಚಬೇಕು. ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಮೇಷ್ಟ್ರು ಅಗ್ಗದ ಸೆಲ್ಲೊಂದನ್ನು ಗುರುತಿನ ಅಕ್ಕಸಾಲಿಗರ ಬಳಿ ಒಯ್ದು ತೂಗಿಸಿದರು. ಅವರು ತಕ್ಕಡಿ ನೋಡಿ, ಮೇಷ್ಟ್ರ ಮುಖ ನೋಡಿ, “ಇದರಾಗ ಸವಕಲು ಭಾಳ ಐತ್ರಿ” ಎಂದು ಕಸುಬಿನ ಮಾತಿನಲ್ಲೇ ತೀರ್ಪು ಕೊಟ್ಟರು.

ಡಬ್ಬಿಯ ಮೇಲಿನ ‘8 ಗಂಟೆ’ಯೂ ಹೀಗೆಯೇ. ಅದೇ ಮಾನದಂಡದ ಪ್ರಕಾರ, ಹಚ್ಚಿ ಅರ್ಧ ನಿಮಿಷವಾದಾಗ ಇದ್ದ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗೂ ಬ್ಯಾಟರಿ ‘ಉರಿಯುತ್ತಿದೆ’ ಎಂದೇ ಲೆಕ್ಕ. ನಾಲ್ಕಾಣೆ ಸಂಬಳವಿಲ್ಲದಿದ್ದರೂ ಹಾಜರಿ ಪುಸ್ತಕದಲ್ಲಿ ಸಹಿ ಇದ್ದರೆ ಸಾಕು ಅನ್ನುವ ಪದ್ಧತಿ.

ದೂರದ ಹುಚ್ಚು ನನಗೂ ಮೇಷ್ಟ್ರಿಗೂ ಸರಿ, ನಾವು ಕರೆಂಟಿರುವ ಮನೆಯಲ್ಲಿ ಮಲಗುವವರು. ನಮ್ಮ ಭಾವನವರದು ದೊಡ್ಡಬಾತಿ ಹತ್ತಿರ ತೋಟ, ಗದ್ದೆ. ತ್ರೀಫೇಸ್ ಕರೆಂಟು ರಾತ್ರಿ ಪಾಳಿಗೆ ಬಿತ್ತೆಂದರೆ ನಡುರಾತ್ರಿ ಎದ್ದು ಮೋಟರು ಹಾಕಲು ಹೋಗಬೇಕು. ಹುಲಿ ಮಾರ್ಕಿನ ಬ್ಯಾಟರಿಯನ್ನು ಅವರ ಕೈಗೆ ಕೊಟ್ಟು 120 ಮೀಟರಿನ ಮಹಿಮೆಯನ್ನೆಲ್ಲ ವರ್ಣಿಸಿದೆ. ಭಾವ ಅದನ್ನು ಎರಡು ರಾತ್ರಿ ಬಳಸಿ ವಾಪಸ್ಸು ತಂದರು.

“ಬದುವಿನ ಮ್ಯಾಲೆ ಕೊಳಕುಮಂಡಲ ಮಲಗಿರ್ತೈತಿ ಎರಡು ಮಾರಿನಾಗ. ನಿಮ್ಮ ಬ್ಯಾಟ್ರಿ ಬಾತಿ ಗುಡ್ಡ ತೋರಿಸ್ತೈತಿ. ಗುಡ್ಡ ನನಗೆ ಕಚ್ಚೂದಿಲ್ಲಪ್ಪ.”

ಆಕ್ಷೇಪಣೆ ಅಷ್ಟಕ್ಕೇ ಮುಗಿಯಲಿಲ್ಲ. ಅದರ ಗುಂಡಿ ಒಮ್ಮೆ ಒತ್ತಿದರೆ ಜೋರು, ಇನ್ನೊಮ್ಮೆ ಒತ್ತಿದರೆ ಮಂದ, ಮತ್ತೊಮ್ಮೆ ಒತ್ತಿದರೆ ಪಟಪಟ ಮಿಣುಕು. ಆರಿಸಬೇಕೆಂದರೆ ಈ ಮೂರೂ ಅವಸ್ಥೆಗಳನ್ನು ದಾಟಿಯೇ ಮುಕ್ತಿ. ಅರ್ಧರಾತ್ರಿ ಭಾವ ಸ್ಟಾರ್ಟರ್ ಡಬ್ಬಿಯ ಮುಂದೆ ಬ್ಯಾಟರಿ ಆರಿಸಲು ಹೋಗಿ ಮಿಣುಕಿಸಿದ್ದನ್ನು ನೋಡಿ ಪಕ್ಕದ ಹೊಲದವರು ಏನೋ ಅನಾಹುತವೆಂದು ದೊಣ್ಣೆ ಹಿಡಿದು ಓಡಿ ಬಂದರಂತೆ. ಬಂದವರಿಗೆ ಚಹಾ ಕಾಸಿ ಕೊಡಬೇಕಾಯಿತು. ಇಬ್ಬನಿ ಬೀಳುವ ಮಾಗಿಯಲ್ಲಂತೂ ಈ ಬೆಳ್ಳನೆ ಬೆಳಕು ಹನಿಗಳಿಗೇ ತಾಗಿ ಹಿಂದಿರುಗಿ, ಎದುರಿಗೆ ದೊಡ್ಡ ಕಂಬ ನಿಲ್ಲಿಸಿದಂತೆ ಕಾಣುತ್ತದೆ. ನೋಡುವವರಿಗೆ ಭಾರಿ ಬ್ಯಾಟರಿ, ಹಿಡಿದವರಿಗೆ ಕಂಬ ಬಿಟ್ಟು ಬೇರೇನೂ ಕಾಣದು. ಭಾವ ಈಗ ತಲೆಗೆ ಕಟ್ಟುವ ನೂರೈವತ್ತು ರೂಪಾಯಿಯ ಬ್ಯಾಟರಿಯಲ್ಲೇ ಓಡಾಡುತ್ತಾರೆ. ಕಾಲ ಬುಡಕ್ಕೆ ಅಗಲವಾಗಿ ಬೀಳುತ್ತದೆ, ಎರಡೂ ಕೈ ಖಾಲಿ. ನನ್ನ ಮಟ್ಟಿಗೆ ಅಗ್ಗದ ಬ್ಯಾಟರಿಗಳಲ್ಲಿ ಕೊಟ್ಟ ಕಾಸಿಗೆ ನ್ಯಾಯ ಒದಗಿಸುವುದು ಇದೊಂದೇ. ಆದರೆ ಮಂಡಿಪೇಟೆಯಲ್ಲಿ ಯಾರೂ ಅದನ್ನು ಹೊಗಳಿ ಮಾರುವುದಿಲ್ಲ, ಡಬ್ಬಿಯ ಮೇಲೆ ಹುಲಿಯೂ ಇಲ್ಲ.

ಮೇಷ್ಟ್ರಿಗೆ ಇದರಿಂದ ಸಮಾಧಾನವಾಗಲಿಲ್ಲ. ಹತ್ತು ಮೀಟರಿನಲ್ಲಿ ಅಳೆದು ಗುಣಿಸುವುದು ಲೆಕ್ಕ ಮಾತ್ರ, ಕಾಲು ಲಕ್ಸನ್ನು ಅದರ ಜಾಗದಲ್ಲೇ ಹೋಗಿ ಹಿಡಿಯಬೇಕು ಎಂದು ಹಟ. ಅದಕ್ಕೆ ಉದ್ದಕ್ಕೆ ಬಯಲು ಬೇಕು, ಬೀದಿದೀಪ ಇರಬಾರದು, ಹುಣ್ಣಿಮೆಯಂತೂ ಕೂಡದು. ಹೀಗೆ ಬೇಸಿಗೆಯ ಒಂದು ಅಮಾವಾಸ್ಯೆ ಗೊತ್ತಾಯಿತು. ಸ್ಥಳ ಹರಿಹರದ ತುಂಗಭದ್ರೆಯ ದಡ. ನೀರು ಇಳಿದು ಮರಳು, ಬಂಡೆ ಎದ್ದಿರುವ ಕಾಲ. ಅಲ್ಲಿ ನಿಂತರೆ ಈ ದಡ ದಾವಣಗೆರೆ ಜಿಲ್ಲೆ, ಆ ದಡ ಹಾವೇರಿ ಜಿಲ್ಲೆ. ಎರಡೂ 1997ರಲ್ಲಿ ಹುಟ್ಟಿದವು. 1956ರವರೆಗೆ ಇದು ಮೈಸೂರು, ಅದು ಮುಂಬಯಿ. ಈಗಲೂ ಇಲ್ಲಿ ಬೆಸ್ಕಾಂ ಕರೆಂಟು, ಅಲ್ಲಿ ಹೆಸ್ಕಾಂ. ಮುನ್ನೂರು ರೂಪಾಯಿಯ ಬೆಳಕು ಇಷ್ಟೆಲ್ಲ ಗಡಿ ದಾಟುತ್ತದೆಯೇ ಎಂಬ ಕುತೂಹಲ ನನಗೂ ಇತ್ತೆನ್ನಿ.

“ಅಮಾಸಿ ರಾತ್ರಿ ಹೊಳೀ ದಂಡಿಗೆ ಬ್ಯಾಟ್ರಿ ಹಿಡ್ಕೊಂಡು ಮೂರು ಜನ ಗಂಡಸರು ಹೋದ್ರೆ ಜನ ಏನಂತಾರ್ರೀ? ನಿಧಿ ತೆಗೆಯೋರು ಅಂತಾರೆ” ಎಂದಳು ನನ್ನ ಹೆಂಡತಿ. ನಿಧಿ ಸಿಕ್ಕರೆ ಒಳ್ಳೆಯ ಬ್ಯಾಟರಿ ತರಬಹುದಲ್ಲ ಎಂದು ಹೊರಟೆವು.

ದಡದಲ್ಲಿ ನಾನೂ ಭಾವನೂ ಬ್ಯಾಟರಿಗಳ ಚೀಲದೊಂದಿಗೆ ನಿಂತೆವು. ಮೇಷ್ಟ್ರು ಲಕ್ಸ್ ಮೀಟರ್, ನೋಟ್‌ಬುಕ್ಕು, ಉದ್ದನೆಯ ಟೇಪು ಹಿಡಿದು ಮರಳಿನಲ್ಲಿ ನಡೆದರು. ದೂರದಿಂದ “ಮುಂದಿನದು!” ಎಂದು ಕೂಗಿದಾಗ ನಾವು ಒಂದನ್ನು ಆರಿಸಿ ಇನ್ನೊಂದನ್ನು ಹಚ್ಚಬೇಕು. ಮೂರು ಸೆಲ್ಲಿನ ಹಿತ್ತಾಳೆಯದು ಬೇಗ ಕೈಬಿಟ್ಟಿತು. ಹುಲಿ ಮರ್ಯಾದೆಯಾಗಿ ನೂರು ಮೀಟರ್ ದಾಟಿ ನೂರಿಪ್ಪತ್ತರ ಹತ್ತಿರ ಕಾಲು ಲಕ್ಸಿಗೆ ಇಳಿಯಿತು. ಲೆಕ್ಕಕ್ಕೂ ಮರಳಿಗೂ ತಾಳೆಯಾದ ಖುಷಿಯಲ್ಲಿ ಮೇಷ್ಟ್ರು ಕತ್ತಲಲ್ಲೇ ಏನೋ ಸಂಸ್ಕೃತ ಹೇಳಿದರು. ಆಮೇಲೆ ಇನ್ನೂ ದೂರ ಹೋಗಿ, ನೋಟ್‌ಬುಕ್ಕಿಗೆ ನಮ್ಮ ಬೆಳಕು ಬೀಳಲೆಂದು ನಮಗೆ ಬೆನ್ನು ತಿರುಗಿಸಿ ಬರೆಯತೊಡಗಿದರು. ಮೀಟರಿನ ಕಣ್ಣು ಹಾವೇರಿ ಜಿಲ್ಲೆಯ ಕಡೆಗಿತ್ತು.

“ಎರಡು ಲಕ್ಸ್! ಮೂರು! ಏರ್ತಾ ಐತಿ!” ಎಂದು ಮೇಷ್ಟ್ರು ಕೂಗಿದ್ದು ಆಗ. “ಯಾವ ಬ್ಯಾಟರಿ ಅದು? ಎಷ್ಟು ಕೊಟ್ರಿ?”

ನಮ್ಮ ಕೈಯಲ್ಲಿದ್ದುದು ತಲೆಗೆ ಕಟ್ಟುವ ನೂರೈವತ್ತರದು. ಭಾವ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಅಷ್ಟರಲ್ಲಿ ಗುಡುಗುಡು ಸದ್ದೂ ಕೇಳಿತು. ಆ ದಡದಿಂದ ಮರಳಿಗೆ ಇಳಿಯುತ್ತಿದ್ದ ಟ್ರ್ಯಾಕ್ಟರ್ ಒಂದರ ಎರಡೂ ದೀಪ ನೇರವಾಗಿ ಮೇಷ್ಟ್ರ ಮೇಲೆ ಬಿದ್ದಿತ್ತು. ನಡುಹೊಳೆಯಲ್ಲಿ ಕೈಯಲ್ಲಿ ಯಂತ್ರ, ಟೇಪು, ನೋಟ್‌ಬುಕ್ಕು ಹಿಡಿದು ನಿಂತ ಕನ್ನಡಕದ ವ್ಯಕ್ತಿ, ಹಿಂದೆ ದಡದಲ್ಲಿ ಬ್ಯಾಟರಿ ಹಿಡಿದ ಇಬ್ಬರು. ಅಮಾವಾಸ್ಯೆ ರಾತ್ರಿ ಟ್ರಾಲಿ ತಂದು ಮರಳು ತುಂಬುವವರಿಗೆ ಇದಕ್ಕಿಂತ ದೊಡ್ಡ ಸಾಹೇಬರು ಇನ್ನೆಲ್ಲಿ ಕಂಡಾರು? ದೀಪ ಆರಿತು. ಟ್ರಾಲಿ ಒಂದು ಕಡೆ, ಇಂಜಿನ್ ಒಂದು ಕಡೆ ಸೊಟ್ಟಗಾಗಿ ಟ್ರ್ಯಾಕ್ಟರು ಹಿಂದಕ್ಕೆ ಓಡತೊಡಗಿತು. ಯಾರೋ ಇಬ್ಬರು ಹಾರಿ ಇಳಿದು ಬಂಡೆಗಳ ಮೇಲೆ ಬಿದ್ದು ಎದ್ದು ಓಡಿದರು.

ಅವರ ಹಿಂದೆ ಮೇಷ್ಟ್ರೂ ಓಡಿದರು, ಮೀಟರನ್ನು ತಲೆಯ ಮೇಲೆತ್ತಿ ಹಿಡಿದು.

“ಏ, ನಿಂದ್ರಪ್ಪೋ! ಆರಿಸಬ್ಯಾಡ್ರೀ! ಇನ್ನೊಂದು ರೀಡಿಂಗ್ ತಗೋಬೇಕು!”