ಪ್ರತೀಪಗಮನ ಮೀಮಾಂಸೆ: ಒಂದು ಪೂರ್ವಪೀಠಿಕೆಗೆ ಪೂರ್ವಪೀಠಿಕೆ

ಅಧ್ಯಾಯ 1. ಉಪೋದ್ಘಾತ. ಪ್ರಸ್ತುತ ಪ್ರಬಂಧವು ಸಂವೇದನಾ ನರಕೋಶಾಂತರ್ಗತ ವೃದ್ಧಿಕಾರಕ ಪ್ರೋಟೀನಿನ ಪ್ರತೀಪಾಕ್ಷತಂತುಗಮನವನ್ನು ತಾತ್ತ್ವಿಕ, ಸಾತ್ತ್ವಿಕ ಹಾಗೂ ಭೋಜನೋತ್ತರ ನೆಲೆಗಳಲ್ಲಿ ಪರಾಮರ್ಶಿಸಲು ಹವಣಿಸುತ್ತದೆ. ಗಮನವು ತ್ರಿವಿಧ: ಅನುಲೋಮ, ಪ್ರತಿಲೋಮ, ಉಭಯಲೋಮ. ಪ್ರತಿಲೋಮವು ಪುನಃ ನವವಿಧ.

ಮೊದಲನೆಯದು ಗ್ರಾಹಕಾಲಿಂಗನಪೂರ್ವಕ ಕೋಶಿಕಾರೋಹಣ. ಅಂದರೆ, ಅಂಗಾಲಿನ ಚರ್ಮದಲ್ಲಿ ತಯಾರಾದ ಎನ್‌ಜಿಎಫ್ ಎಂಬ ಪ್ರೋಟೀನು ನರದ ತುದಿಯಲ್ಲಿರುವ ಟ್ರ್ಯಾಕ್-ಎ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ನರದ ಪೊರೆ ಎರಡನ್ನೂ ಒಳಗೆಳೆದುಕೊಂಡು ಪುಟ್ಟ ಚೀಲ ಮಾಡುತ್ತದೆ. ಆ ಚೀಲವನ್ನು ಡೈನೀನ್ ಎಂಬ ಮೋಟಾರು ಪ್ರೋಟೀನು ಸೂಕ್ಷ್ಮನಳಿಕೆಗಳ ಹಳಿಯ ಮೇಲೆ, ಹೆಜ್ಜೆಗೆ ಸುಮಾರು 8 ನ್ಯಾನೊಮೀಟರಿನಂತೆ, ಬೆನ್ನುಹುರಿಯ ಪಕ್ಕದ ನರಗಂಟಿನವರೆಗೂ ಎಳೆದು ತರುತ್ತದೆ. ಗಂಟೆಗೆ ಕೆಲವೇ ಮಿಲಿಮೀಟರು, ಹೆಚ್ಚುಕಡಿಮೆ ಒಂದು ಮೀಟರ್ ದಾರಿ, ದಿನಗಟ್ಟಲೆ ಪ್ರಯಾಣ. ಎನ್‌ಜಿಎಫ್ ಅನ್ನೇ ನೆಚ್ಚಿದ ನರಕೋಶಕ್ಕೆ ಭ್ರೂಣದಲ್ಲಿ ಅದರ ಸುದ್ದಿ ಮುಟ್ಟದಿದ್ದರೆ ಸಾವು, ಬೆಳೆದವರಲ್ಲಿ ಸೊರಗು.

ಉಳಿದ ಎಂಟು ವಿಧಗಳನ್ನು ವಿದ್ವಾಂಸರು ತಾವೇ ಕಲ್ಪಿಸಿಕೊಳ್ಳತಕ್ಕದ್ದು. ನನಗೆ ಸಾಕಾಯಿತು.

ಅಧ್ಯಾಯ 2. ಪೂರ್ವಸೂರಿ ಸ್ಮರಣೆ. 1938ರಲ್ಲಿ ಮುಸೊಲಿನಿಯ ಜನಾಂಗೀಯ ಕಾನೂನುಗಳಿಂದ ಕೆಲಸ ಕಳೆದುಕೊಂಡ ಯಹೂದಿ ಸಂಶೋಧಕಿ ರೀಟಾ ಲೆವಿ-ಮೊಂತಾಲ್ಚೀನಿ, ಟ್ಯೂರಿನ್‌ನ ಮನೆಯ ಮಲಗುವ ಕೋಣೆಯಲ್ಲಿ ಹೊಲಿಗೆ ಸೂಜಿ ಮಸೆದುಕೊಂಡು ಕೋಳಿಮೊಟ್ಟೆಯ ಭ್ರೂಣಗಳನ್ನು ಕೊಯ್ದು ನೋಡಿದರು. ಯುದ್ಧಾನಂತರ ಅಮೆರಿಕದಲ್ಲಿ ಎನ್‌ಜಿಎಫ್ ಸಿಕ್ಕಿತು. 1986ರಲ್ಲಿ ಸ್ಟ್ಯಾನ್ಲಿ ಕೋಹೆನ್ ಜೊತೆ ನೊಬೆಲ್ ಬಂತು. ಆದರೆ ಅವರಿಗೆ ಸಮರ್ಪಕ ಸೈದ್ಧಾಂತಿಕ ಚೌಕಟ್ಟು ಇತ್ತೇ ಎಂಬುದು ನಮ್ಮ ಗೋಷ್ಠಿಗಳ ಮಟ್ಟಿಗೆ ಚರ್ಚಾಸ್ಪದ. ಸ್ವಾಗತ ಭಾಷಣವಿಲ್ಲದೆ, ಹಾರ ತುರಾಯಿಯಿಲ್ಲದೆ ನಡೆದ ಸಂಶೋಧನೆಯನ್ನು ಯಾವ ವರ್ಗಕ್ಕೆ ಸೇರಿಸುವುದು?

ಅಧ್ಯಾಯ 3. ಪ್ರಾಯೋಗಿಕ ಅನ್ವಯ. ಸಕ್ಕರೆ ಕಾಯಿಲೆಯಿದ್ದ ನಮ್ಮ ಸೋದರತ್ತೆ ಬಚ್ಚಲ ಒಲೆಯ ಮುಂದೆ ಬಿದ್ದ ಕೆಂಡ ಮೆಟ್ಟಿದರು. ಗೊತ್ತಾಗಿದ್ದು ಸುಟ್ಟ ವಾಸನೆ ಬಂದ ಮೇಲೆ. "ಡಾಕ್ಟ್ರೇ, ಕಾಲೇ ಯಾಕೆ ಮೊದಲು ಮರಗಟ್ಟೋದು?" ಎಂದು ಕೇಳಿದ್ದಕ್ಕೆ, "ಡಿಸ್ಟಲ್ ಸಿಮೆಟ್ರಿಕ್ ಪಾಲಿನ್ಯೂರೋಪತಿ ಕಣಮ್ಮಾ" ಎಂದು ಅವರು ಮುಂದಿನ ಚೀಟಿ ಕರೆದರು. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕಾಲಿನ ನರ ಎಲ್ಲಕ್ಕಿಂತ ಉದ್ದ, ಪೋಷಣೆಯ ಸಾಗಾಟ ಕೆಟ್ಟರೆ ದೂರದ ತುದಿ ಮೊದಲು ಬಡವಾಗುತ್ತದೆ ಅನ್ನೋದಕ್ಕೆ ಎಷ್ಟು ಹೊತ್ತು ಬೇಕಿತ್ತು? ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಲ್ಲಿ ಎನ್‌ಜಿಎಫ್ ಸಾಗಾಟ ತಗ್ಗಿದ್ದನ್ನು ಅಳೆದು ನೋಡಿದ್ದಾರೆ. ಕಾರಣ ಅದೊಂದೇ ಅಲ್ಲ, ನಿಜ; ರೋಗಿಗಳಿಗೆ ಎನ್‌ಜಿಎಫ್ ಚುಚ್ಚಿ ನೋಡಿದ ದೊಡ್ಡ ಪ್ರಯೋಗವೂ ಕೈಕೊಟ್ಟಿತು. ಅದನ್ನೂ ಹೇಳಬಹುದಿತ್ತು. ಅತ್ತೆ ದಡ್ಡಿಯಲ್ಲ, ಮೂರು ಎಕರೆ ಅಡಿಕೆ ತೋಟದ ಲೆಕ್ಕ ಬಾಯಲ್ಲೇ ಇಟ್ಟುಕೊಂಡಿದ್ದವರು. ಕೊನೆಗೆ ಎರಡು ಬೆರಳು ತೆಗೆಸಬೇಕಾಯಿತು.

ಅಧ್ಯಾಯ 4 ಇಲ್ಲ. ಸಕ್ಕರೆ ಕಾಯಿಲೆಯವರು ದಿನಾ ರಾತ್ರಿ ಅಂಗಾಲು, ಬೆರಳ ಸಂದಿ ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ಮನೆಯವರಿಗೆ ತೋರಿಸಿ. ಬರಿಗಾಲಲ್ಲಿ ಓಡಾಡಬೇಡಿ, ಮನೆಯೊಳಗೂ.