ಕಡೇ ಕಂತಪ್ಪ

ಕೋಲಾರ ಜಿಲ್ಲೆಯ ಯಾವ ಊರಿಗೆ ಹೋದರೂ ಒಬ್ಬ ಕಡೇ ಕಂತಪ್ಪ ಸಿಕ್ಕೇ ಸಿಗುತ್ತಾನೆ. ಹೆತ್ತವರು ಇಟ್ಟ ಹೆಸರು ಬೇರೆ. ಅದು ರೇಷನ್ ಕಾರ್ಡಿನಲ್ಲೂ ನಾಲ್ಕೈದು ಬಾಂಡ್ ಪೇಪರಿನಲ್ಲೂ ಭದ್ರವಾಗಿದೆ. ಇದು ಊರು ಇಟ್ಟದ್ದು. "ಇನ್ನೊಂದೇ ಒಂದು ಕಂತಣ್ಣ, ಕಟ್ಬಿಟ್ರೆ ಈಚೆಗೆ ಬಂದಂಗೆ" ಎಂದು ಟೀ ಅಂಗಡಿ ಬೆಂಚಿನ ಮೇಲೆ ಕೂತು ಎಷ್ಟು ವರ್ಷದಿಂದ ಹೇಳುತ್ತಿದ್ದಾನೋ, ಅಂಗಡಿಯವನಿಗೂ ಲೆಕ್ಕ ತಪ್ಪಿದೆ. ಟೀ ಲೆಕ್ಕ ಮಾತ್ರ ತಪ್ಪಿಲ್ಲ, ಅದನ್ನು ಬೇರೆ ಬರೆದಿಟ್ಟಿದ್ದಾನೆ.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಕಂತಪ್ಪ ಮೋಸಗಾರನಲ್ಲ. ಯಾರ ದುಡ್ಡನ್ನೂ ಇಲ್ಲ ಅಂದವನಲ್ಲ, ಸಾಲ ಕೊಟ್ಟವರು ಎದುರಿಗೆ ಬಂದರೆ ರಸ್ತೆ ಬದಲಾಯಿಸುವವನೂ ಅಲ್ಲ. ತಾನೇ ಹೋಗಿ ಮಾತಾಡಿಸಿ, ಮನೆಮಂದಿಯ ಆರೋಗ್ಯ ವಿಚಾರಿಸಿ, ಹೊಸ ತಾರೀಖು ಕೊಟ್ಟು ಬರುತ್ತಾನೆ. ತಾರೀಖು ಕೊಡುವುದರಲ್ಲಿ ಅವನಷ್ಟು ಧಾರಾಳಿ ನಮ್ಮ ಕಡೆ ಇನ್ನೊಬ್ಬನಿಲ್ಲ.

ಪ್ರತಿ ಯುಗಾದಿಗೂ ಅವನದೊಂದು ಶಪಥ: ಮುಂದಿನ ಯುಗಾದಿಯೊಳಗೆ ಪೂರ್ತಿ ಸಾಲ ಚುಕ್ತಾ. ಬೇವು ಬೆಲ್ಲ ಬಾಯಿಗೆ ಹಾಕಿಕೊಂಡವನೇ ಬೈಕು ಹತ್ತಿ ಮುಳಬಾಗಿಲು ದಾಟಿ ಕುರುಡುಮಲೆ ಗಣಪತಿಯ ಮುಂದೆ ನಿಲ್ಲುತ್ತಾನೆ. ಹದಿಮೂರು ಅಡಿಗೂ ಎತ್ತರದ ಏಕಶಿಲಾ ಗಣಪ. ದೊಡ್ಡ ದೊಡ್ಡ ರಾಜಕಾರಣಿಗಳು ಚುನಾವಣೆ ಪ್ರಚಾರ ಶುರು ಮಾಡುವುದೂ ಇದೇ ಸನ್ನಿಧಿಯಿಂದ. ಹಾಗಾಗಿ ಭರವಸೆಗಳನ್ನು ಕೇಳಿಸಿಕೊಳ್ಳುವುದು ಆ ಗಣಪನಿಗೆ ಹೊಸದೇನಲ್ಲ.

ಶಪಥ ಒಂದೇ ಆದರೂ ದುಡ್ಡು ಬರುವ ದಾರಿ ತಾಲ್ಲೂಕಿಗೊಂದು. ಶ್ರೀನಿವಾಸಪುರದ ಕಂತಪ್ಪ ಮಾವಿನ ಮರ ತೋರಿಸುತ್ತಾನೆ: "ಹೂ ನೋಡು, ಎಲೆ ಕಾಣ್ತದಾ?" ಹೂವೇನೋ ಬರುತ್ತದೆ, ಆಮೇಲೆ 2025ರ ಜೂನ್ ಕೂಡ ಬರುತ್ತದೆ. ತೋತಾಪುರಿ ಬೆಲೆ ನೆಲಕಚ್ಚಿ, ಪಕ್ಕದ ಚಿತ್ತೂರು ಜಿಲ್ಲೆಯವರು ನಮ್ಮ ಕಾಯಿ ಒಳಗೆ ಬಿಡಲ್ಲ ಅಂದು, ಶ್ರೀನಿವಾಸಪುರ ಬಂದ್ ಆದಾಗ ಕಂತಪ್ಪನ ಶಪಥಕ್ಕೂ ಒಂದು ದಿನ ರಜೆ ಸಿಕ್ಕಿತು. ಮಾಲೂರಿನವನು ಹಿಂದೆ ನೀಲಗಿರಿ ಕಟಾವಿನ ಹೆಸರು ಹೇಳುತ್ತಿದ್ದ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡಬಾರದು ಅಂದ ಮೇಲೆ ಲೇಔಟ್ ಕಮಿಷನ್ನಿಗೆ ಬದಲಾಯಿಸಿಕೊಂಡಿದ್ದಾನೆ. ಮುಳಬಾಗಿಲಿನವನದು ಬೆಂಗಳೂರಿನಲ್ಲಿ 'ಮುಳಬಾಗಿಲು ದೋಸೆ' ಬೋರ್ಡು ಹಾಕುವ ಯೋಜನೆ. ದೋಸೆ ಹುಯ್ಯುವುದು ಹೆಂಡತಿ, ಗಲ್ಲಾದಲ್ಲಿ ಕೂರುವುದು ಇವನು, ಅಷ್ಟು ತೀರ್ಮಾನವಾಗಿದೆ. ಕೋಲಾರದವನಿಗೆ ಟೊಮೆಟೊ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು 2,000 ರೂಪಾಯಿ ದಾಟಿದಾಗ ಅವನ ಹೊಲದಲ್ಲಿ ಕೋಸಿತ್ತು.

ನಾನು ಹತ್ತಿರದಿಂದ ಬಲ್ಲದ್ದು ಈ ಕೋಸಿನವನನ್ನು. ಅವನ ಸಾಲದ ಬೇರು, ಇಲ್ಲಿ ಬಹಳ ಜನರದ್ದಿರುವಂತೆ, ಬೋರ್‌ವೆಲ್ಲಿನಲ್ಲಿದೆ. ಸಾವಿರದ ಚಿಲ್ಲರೆ ಅಡಿ ಕೊರೆಸಿದ, ಧೂಳು ಬಂತು. ಆ ಧೂಳಿಗೆ ನೂರಕ್ಕೆ ತಿಂಗಳಿಗೆ 3 ರೂಪಾಯಿ ಬಡ್ಡಿಯ ಹಾಗೆ 1 ಲಕ್ಷ ಕೈಸಾಲ. ವರ್ಷಕ್ಕೆ 36,000 ಬಡ್ಡಿ ಕಟ್ಟಿದರೂ ಅಸಲು ಇದ್ದಲ್ಲೇ ಇರುತ್ತದೆ, ಬಾಗಿಲಲ್ಲಿ ಕಾಲು ಚಾಚಿ ಮಲಗಿದ ಎಮ್ಮೆಯ ಹಾಗೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಟ್ಟರಲ್ಲ, ಆಗ ಪಕ್ಕದ ಹೊಲದವನ ಸತ್ತ ಬೋರು ಬದುಕಿತು. ಇವನದು ಬದುಕಲಿಲ್ಲ.

ಒಂದು ಯುಗಾದಿಗೆ ಕಂತಪ್ಪನಿಗೆ ಹೊಸ ಬುದ್ಧಿ ಹೊಳೆಯಿತು. ಒಬ್ಬೊಬ್ಬರೇ ತೀರಿಸಲಾಗದ ಸಾಲವನ್ನು ನಾಲ್ಕು ಜನ ಸೇರಿ ಯಾಕೆ ತೀರಿಸಬಾರದು? ಒಬ್ಬರಿಗೊಬ್ಬರು ಆಸರೆ. ಟೀ ಅಂಗಡಿಯಲ್ಲೇ ಸಭೆ. ಹತ್ತು ಜನ ಕೂಡಿಸಿ ತಿಂಗಳಿಗೆ 5,000ದ ಚೀಟಿ ಹಾಕುವುದು, ಎತ್ತಿದವರು ಸಾಲಕ್ಕೇ ಕಟ್ಟುವುದು ಎಂದು ತೀರ್ಮಾನ. ತೊಡಕು ಬಂದದ್ದು ಮೊದಲ ತಿಂಗಳೇ: ಹತ್ತೂ ಜನಕ್ಕೆ ಮೊದಲ ಚೀಟಿಯೇ ಬೇಕು. ಕೂಗು ಏರಿತು. ಕೊನೆಗೆ ಕಂತಪ್ಪ 14,000 ಬಿಟ್ಟು 36,000ಕ್ಕೆ ಎತ್ತಿದ. ಬಿಟ್ಟ ದುಡ್ಡಿನಲ್ಲಿ ಎಲ್ಲರಿಗೂ 1,400 ಬಂತು, ಅವನಿಗೂ ಬಂತು. "ನೋಡು, ಚೀಟಿ ಹಾಕಿದ್ದಕ್ಕೆ ಲಾಭ" ಎಂದು ಎಲ್ಲರಿಗೂ ಬೋಂಡಾ ತಿನ್ನಿಸಿದ. 36,000 ಆ ವರ್ಷದ ಬಡ್ಡಿಗೆ ಸರಿಹೋಯಿತು. ಆಸರೆಯ ಉಳಿದ ಭಾಗವೆಂದರೆ, ಅವನ ಸಾಲಕ್ಕೆ ಇವನು ಶೂರಿಟಿ, ಇವನ ಸಾಲಕ್ಕೆ ಅವನು. ವರ್ಷ ತುಂಬುವಾಗ ನಾಲ್ಕು ಜನರ ಸಾಲ ನಾಲ್ಕು ಜನರಿಗೂ ಸೇರಿತ್ತು. ಒಬ್ಬನೂ ಇನ್ನೊಬ್ಬನನ್ನು "ದುಡ್ಡು ಏನು ಮಾಡಿದೆ?" ಎಂದು ಕೇಳಿರಲಿಲ್ಲ. ಗಂಡಸರಲ್ಲಿ ಅದು ಮರ್ಯಾದೆ ಪ್ರಶ್ನೆ.

2025ರ ಫೆಬ್ರವರಿಯಲ್ಲಿ ಮೈಕ್ರೋಫೈನಾನ್ಸಿನವರ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಕಂತಪ್ಪ ಪೇಪರು ಹಿಡಿದು ಓಡೋಡಿ ಬಂದ. "ಸಾಲ ಕಟ್ಟಂಗಿಲ್ಲ ಅಂತ ಕಾನೂನು ಬಂತು!" ಬೆದರಿಸಿ ವಸೂಲಿ ಮಾಡಬಾರದು ಅಂತ ಬಂದಿದೆ, ಯಾವ ಸಾಲವನ್ನೂ ಕಟ್ಟಬಾರದು ಅಂತಲ್ಲ ಎಂದು ಬಿಡಿಸಿ ಹೇಳಿದೆ. ಪೇಪರನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ. "ಅರ್ಧ ಒಳ್ಳೇ ಸುದ್ದಿ" ಅಂದ.

ಇಷ್ಟಕ್ಕೂ ಒಬ್ಬರಿಗೊಬ್ಬರು ಆಸರೆಯಾಗುವ ವಿದ್ಯೆ ಈ ಜಿಲ್ಲೆಗೆ ಹೊಸದಲ್ಲ. ಬಂಗಾರಪೇಟೆ ಆಚೆ ಕಾಮಸಮುದ್ರದ ಕಡೆ ಮೈರಾಡ ಸಂಸ್ಥೆ 1980ರ ದಶಕದಲ್ಲೇ ಇಂಥ ಉಳಿತಾಯದ ಗುಂಪುಗಳನ್ನು ಕಟ್ಟಿತ್ತು. 1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು, 2000-01ರಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. ಕಂತಪ್ಪನ ಹೆಂಡತಿ ಅಂಥದ್ದೊಂದು ಸಂಘದಲ್ಲಿ ವರ್ಷಗಳಿಂದ ಇದ್ದಾಳೆ. ಗುರುವಾರ ಸಂಜೆ ಹಾಲಿನ ಡೇರಿ ಮುಂದೆ ಚಾಪೆ ಹಾಸಿ ಕೂರುತ್ತಾರೆ; ತಡವಾಗಿ ಬಂದವರಿಗೆ ದಂಡ, ಕಾರಣ ಹೇಳಿದರೂ ದಂಡ. ಕಂತಪ್ಪ ಅದನ್ನು "ಎಂಗಸ್ರ ಅರಟೆ" ಎನ್ನುತ್ತಿದ್ದ.

ಬೇರೆ ದಾರಿ ಕಾಣದೆ ಒಂದು ಗುರುವಾರ ಅವನೇ ಆ ಚಾಪೆಯ ಅಂಚಿಗೆ ಬಂದು ನಿಂತ. ಪುಸ್ತಕ ಬರೆಯುವ ಅಕ್ಕ ತಲೆ ಎತ್ತದೆ ಕೇಳಿದಳು.

"ಯಾತಕ್ಕಪ್ಪಾ ಸಾಲ?"

"ಸಾಲ ತೀರ್ಸಕ್ಕಕ್ಕಾ."

"ಆ ಸಾಲ ಯಾತಕ್ಕೆ ಮಾಡಿದ್ದು?"

"ಬೋರಿಗೆ."

"ಪಾಯಿಂಟ್ ಇಟ್ಟೋರು ಯಾರು?"

"ತೆಂಗಿನಕಾಯಿ ಇಡ್ಕೊಂಡು ನೋಡ್ತಾರಲ್ಲ, ಆ ಸಾಮಿ."

"ಆ ಸಾಮಿಗೆಷ್ಟು ಕೊಟ್ಟೆ?"

"ಎರಡು ಸಾವ್ರ."

"ಅದೂ ಸಾಲ ಮಾಡೇ ಕೊಟ್ಟಿದ್ದಾ?"

ಕಂತಪ್ಪ ಚಪ್ಪಲಿ ನೋಡಿಕೊಂಡ. ಆಮೇಲೆ ಅವನ ಡೈರಿ ಕೇಳಿದರು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ. ಮನೆಯಲ್ಲಿ ಯಾರ ಕಣ್ಣಿಗೆ ಬಿದ್ದರೂ ತಿಳಿಯದ ಹಾಗೆ ಸಾಲಗಳನ್ನೆಲ್ಲ ಅರ್ಧ ಅಕ್ಷರಗಳಲ್ಲಿ ಬರೆದಿದ್ದ. ಅಕ್ಕ ಜೋರಾಗಿ ಓದಿದಳು. "ಟೊ.ಮಂ. 22,000." ಟೊಮೆಟೊ ಮಂಡಿ ಅಡ್ವಾನ್ಸು ಎಂದು ಮೂರು ಜನ ಒಟ್ಟಿಗೆ ಬಿಡಿಸಿದರು. "ಬಾ. 8,000." ಭಾವಮೈದುನ. "ಚಿ.ಅ. 40,000. ಇದ್ಯಾವುದಪ್ಪ, ಚಿಕ್ಕಪ್ಪನಾ?"

"ಊಂ" ಅಂದ ಕಂತಪ್ಪ.

"ನಿಂಗೆ ಚಿಕ್ಕಪ್ಪನೇ ಇಲ್ವಲ್ಲ!" ಅಂದಳು ಹೆಂಡತಿ. ಆಮೇಲೆ ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಕೊಂಡಿ ರಿಪೇರಿಗೆಂದು ಶ್ರಾವಣದಲ್ಲಿ ತೆಗೆದುಕೊಂಡು ಹೋದ ಸರ, ಚಿನ್ನದ ಅಡವಾಗಿ ಆ ಪುಟದಲ್ಲಿತ್ತು.

ಅಂದು ರಾತ್ರಿ ಮನೆಯಲ್ಲಿ ಏನು ನಡೆಯಿತೆಂದು ನನಗೆ ಯಾರೂ ಹೇಳಿಲ್ಲ. ಗಟ್ಟಿಯಾಗಿದ್ದುದರಿಂದ ಅಕ್ಕಪಕ್ಕದವರಿಗೆಲ್ಲ ಕೇಳಿಸಿತಂತೆ. ಸಂಘ ಸಾಲ ಕೊಟ್ಟಿತು, ಆದರೆ ಅವನ ಕೈಗಲ್ಲ. ಬಡ್ಡಿ ಹೆಚ್ಚಿನದನ್ನು ಮೊದಲು ಮುಗಿಸಬೇಕೆಂದು ಅಕ್ಕ ತಾನೇ ಹೋಗಿ ಮೂರು ರೂಪಾಯಿ ಬಡ್ಡಿಯ ಸಾಲ ಕಟ್ಟಿ, ಬಾಂಡ್ ಪೇಪರು ವಾಪಸ್ ಇಸಕೊಂಡು ಬಂದಳು. ಎರಡು ಹಸುವಿನ ಹಾಲಿನ ದುಡ್ಡು ನೇರ ಸಂಘಕ್ಕೆ. ಟೀ ಅಂಗಡಿಗೆ ದಿನಕ್ಕೆ 10 ರೂಪಾಯಿ ಮಂಜೂರು, ಬೋಂಡಾಕ್ಕೆ ಅರ್ಜಿ ಹಾಕಬೇಕು. ಪ್ರತಿ ಗುರುವಾರ ಲೆಕ್ಕ ಒಪ್ಪಿಸುವಾಗ ಹದಿನೈದು ಹೆಂಗಸರು ಕೇಳುವುದು ಅದೊಂದೇ ಪ್ರಶ್ನೆ, ಗಂಡಸರು ಮರ್ಯಾದೆಗೆಂದು ಬಿಟ್ಟದ್ದು. ಮುಂದಿನ ಯುಗಾದಿಯ ಹೊತ್ತಿಗೆ ಕೈಸಾಲ ಹೋಗಿತ್ತು, ಸರ ಕೊರಳಿಗೆ ಬಂದಿತ್ತು, ಮಂಡಿಯ ಅಡ್ವಾನ್ಸು ಮಾತ್ರ ಬೆಳೆಗೆ ಕಾಯುತ್ತಿತ್ತು.

ಕಂತಪ್ಪ ಸ್ವಲ್ಪ ದಿನ ಮಂಕಾಗಿದ್ದ. ಬೆಂಚಿನ ಮೇಲೆ ಕೂತರೆ ಮಾತಿಗೆ ವಿಷಯವಿಲ್ಲ. ನಿಧಾನಕ್ಕೆ ಊರಿನ ಸಾಲ ಸಲಹೆಗಾರನಾದ. "ಬಡ್ಡಿ ಜಾಸ್ತಿದು ಮೊದ್ಲು ಕಟ್ಟೋ" ಎಂದು ಕೇಳದವರಿಗೂ ಹೇಳುತ್ತಾನೆ. ಮೊನ್ನೆ ಹಳೇ ಚೀಟಿಯ ಗೆಳೆಯನೊಬ್ಬ ಶೂರಿಟಿ ಕೇಳಿಕೊಂಡು ಬಂದ. ಬೋರು ಕೊರೆಸಬೇಕಂತೆ. ಕಂತಪ್ಪ ಗಂಭೀರವಾಗಿ ಪಾಯಿಂಟು, ಅಡಿ, ಕೇಸಿಂಗ್ ಪೈಪು ಎಲ್ಲ ವಿಚಾರಿಸಿದ. ಅವನು ಹೇಳಿದ ಒಂದು ಉತ್ತರವೂ ಸರಿಯಿರಲಿಲ್ಲ. ಎಲ್ಲ ಕೇಳಿಸಿಕೊಂಡು ಜೇಬಿನಿಂದ ಪೆನ್ನು ತೆಗೆದ.

"ಸೈನ್ ಆಕ್ತೀನಿ. ನಮ್ಮನೇವ್ಳ ಕಿವಿಗೆ ಮಾತ್ರ ಬೀಳ್ಬಾರ್ದು."

"ಬೀಳಲ್ಲ ಬಿಡಣ್ಣ" ಅಂದ ಗೆಳೆಯ, ಕಾಗದ ಮುಂದೆ ಸರಿಸುತ್ತ. "ಹೋದ ವಾರಾನೇ ನಮ್ಮನೇವ್ಳು ನಿಮ್ಮನೆಯವ್ರ ಸಂಘಕ್ಕೆ ಸೇರ್ಕೊಂಡವ್ಳೆ. ಏನಿದ್ರೂ ಗುರ್ವಾರ ತಿಳ್ಕೊಂಡು ಬಂದು ನಂಗೆ ಏಳ್ತಾಳೆ."